ಇಪ್ಪತ್ತೊಂದನೇ ಕಿಲೋಮೀಟರಿಗೆ ಕೂತುಬಿಟ್ಟೆ, ನನ್ನಲ್ಲಿ ದಮ್ ಇಲ್ವಾ?

ಪ್ರಶ್ನೆ: ನನಗೆ 39 ವರ್ಷ, ಮೈಸೂರಿನಲ್ಲಿ ಬ್ಯಾಂಕ್ ಕೆಲಸ. ಐದು ವರ್ಷದಿಂದ ಓಡುತ್ತಿದ್ದೇನೆ. ನಾಲ್ಕು ಹಾಫ್ ಮ್ಯಾರಥಾನ್, ಒಂದು ಫುಲ್ ಮುಗಿಸಿದ್ದೇನೆ. ನವೆಂಬರ್ ಮಧ್ಯದಲ್ಲಿ ಚಿಕ್ಕಮಗಳೂರು ಕಡೆ ಕಾಫಿ ತೋಟಗಳ ನಡುವೆ 50 ಕಿ.ಮೀ. ಟ್ರೇಲ್ ಓಟಕ್ಕೆ ಹೆಸರು ಕೊಟ್ಟಿದ್ದೇನೆ. ಅದಕ್ಕೆ ಇನ್ನು ಆರು ವಾರ ಇರುವಾಗ, ಅಕ್ಟೋಬರ್ ಮೊದಲ ಭಾನುವಾರ, 30 ಕಿ.ಮೀ. ಲಾಂಗ್ ರನ್ ಇಟ್ಟುಕೊಂಡಿದ್ದೆ. ಚಾಮುಂಡಿ ಬೆಟ್ಟದ ಮೆಟ್ಟಿಲು ನಾಲ್ಕು ಸಲ ಹತ್ತಿ ಇಳಿಯೋದು, ನಡುನಡುವೆ ತಪ್ಪಲಿನ ಮಣ್ಣು ದಾರಿಯಲ್ಲಿ ಓಡೋದು. ಬೆಳಿಗ್ಗೆ ಒಂದು ಬಾಳೆಹಣ್ಣು, ಕಾಫಿ ಕುಡಿದು ಆರೂವರೆಗೆ ಶುರು ಮಾಡಿದೆ. ಗುಂಪಿನಲ್ಲಿ ನನಗಿಂತ ಜೋರಾಗಿ ಓಡೋರಿದ್ದರು, ಮೊದಲೆರಡು ಸಲ ಅವರ ಜೊತೆಗೇ ಹತ್ತಿದೆ. 14ನೇ ಕಿ.ಮೀ.ನಲ್ಲಿ ಮೊಣಕಾಲು ನೋವು ಅಂತ ಒಂದು ಐಬುಪ್ರೊಫೆನ್ ನುಂಗಿದೆ. 17ಕ್ಕೆ ಕಾಲು ಸೀಸದ ಹಾಗೆ ಭಾರ. 20ಕ್ಕೆ ವಾಕರಿಕೆ, ತಲೆಸುತ್ತು. ಬೆರಳು ಊದಿ ಉಂಗುರ ಬಿಗಿಯಾಗಿತ್ತು. ಮೂರು ಗಂಟೆಯಲ್ಲಿ ಎರಡೂವರೆ ಲೀಟರ್ ನೀರು ಕುಡಿದಿದ್ದೆ, ತಿಂದಿದ್ದು ಒಂದೇ ಜೆಲ್ (ಓಡುವಾಗ ನುಂಗುವ ಸಕ್ಕರೆ ಪಾಕದ ಪೊಟ್ಟಣ). ನಂದಿ ವಿಗ್ರಹದ ಹತ್ತಿರ ಕೂತುಬಿಟ್ಟೆ. ಉಳಿದವರು ಮುಂದೆ ಹೋದರು. ಮಜ್ಜಿಗೆ ಮಾರುವ ಅಜ್ಜಿ ಒಂದು ಲೋಟ ಉಪ್ಪು ಮಜ್ಜಿಗೆ ಕೊಟ್ಟರು. ನನ್ನ ಹತ್ತಿರ ಚಿಲ್ಲರೆ ಇರಲಿಲ್ಲ, ದುಡ್ಡು ಆಮೇಲೆ ಕೊಡಿ ಅಂದರು. ಇಪ್ಪತ್ತು ನಿಮಿಷಕ್ಕೆ ಸರಿಹೋಯಿತು. ಆಟೋ ಹಿಡಿದು ಮನೆಗೆ ಬಂದು ಅತ್ತುಬಿಟ್ಟೆ. ಬಿಸಿಲೂ ಜಾಸ್ತಿ ಇರಲಿಲ್ಲ, ಬರೀ 27 ಡಿಗ್ರಿ. ಗುಂಪಿನವರು ಉಪ್ಪು ಕಡಿಮೆಯಾಗಿದೆ, ಸಾಲ್ಟ್ ಮಾತ್ರೆ ತಗೋ ಅಂತಾರೆ. ಕೋಚ್, ಎಲ್ಲಾ ತಲೆಯಲ್ಲಿರೋದು, ಮನಸ್ಸು ಗಟ್ಟಿ ಮಾಡ್ಕೋ ಅಂತಾರೆ. ಮನೆಯವರು ವಯಸ್ಸಾಯ್ತಲ್ಲ ಅಂತಾರೆ. ಯಾರು ಸರಿ? ಈ ಭಾನುವಾರ ಅದೇ ಓಟ ಮತ್ತೆ ಮಾಡಿ ಮುಗಿಸಲಾ? ಇಲ್ಲಾ ರೇಸೇ ಬಿಡಲಾ? ಅಂದಹಾಗೆ ಆ ಓಟಕ್ಕೆ ಹತ್ತು ದಿನ ಮುಂಚೆ ಎರಡು ದಿನ ಸಣ್ಣ ಜ್ವರ ಇತ್ತು. ಬ್ಯಾಂಕಿನಲ್ಲಿ ಅರ್ಧವಾರ್ಷಿಕ ಲೆಕ್ಕ ಅಂತ ರಜೆ ಹಾಕೋಕೆ ಆಗಲಿಲ್ಲ.

ಉತ್ತರ: ನಿಮ್ಮ ಪತ್ರದ ಕೊನೆಯ ಎರಡು ಸಾಲು ಮೊದಲು ಬರಬೇಕಿತ್ತು. ನನ್ನ ಕ್ಲಿನಿಕ್ಕಿಗೆ ಬರುವ ಓಟಗಾರರೂ ಹೀಗೇ. ಪೇಸ್ ಎಷ್ಟು, ಎದೆಬಡಿತ ಎಷ್ಟು, ಯಾವ ಶೂ, ಎಲ್ಲಾ ಹೇಳುತ್ತಾರೆ. ಎದ್ದು ಬಾಗಿಲ ಹತ್ತಿರ ಹೋದ ಮೇಲೆ "ಅಂದಹಾಗೆ ಡಾಕ್ಟ್ರೇ, ಹೋದ ವಾರ ಜ್ವರ ಇತ್ತು" ಅನ್ನುತ್ತಾರೆ. ಆಗ ನಾನು ಮತ್ತೆ ಕೂರಿಸಿಕೊಂಡು ಮೊದಲಿನಿಂದ ಕೇಳಬೇಕಾಗುತ್ತದೆ.

ನೀವು ಕೇಳಿರುವುದು ಭಾನುವಾರದ ಮೂರು ಗಂಟೆಯ ಬಗ್ಗೆ. ನನಗೆ ಕಾಣುತ್ತಿರುವುದು ಅದರ ಹಿಂದಿನ ಹತ್ತು ದಿನ. ಎರಡು ದಿನ ಜ್ವರ, ಆಮೇಲೆ ಬ್ಯಾಂಕಿನಲ್ಲಿ ಸೆಪ್ಟೆಂಬರ್ 30ರ ಲೆಕ್ಕ. ಆ ವಾರ ಎಷ್ಟು ಗಂಟೆಗೆ ಮನೆಗೆ ಬಂದಿರಿ, ಎಷ್ಟು ನಿದ್ದೆ ಮಾಡಿದಿರಿ ಎಂದು ನೀವು ಬರೆದಿಲ್ಲ. ಬ್ಯಾಂಕಿನವರು ಸಾಕಷ್ಟು ಮಂದಿ ನನ್ನ ಹತ್ತಿರ ಬರುತ್ತಾರೆ, ಊಹಿಸಬಲ್ಲೆ. ಇಷ್ಟು ಸಾಲ ಹೊತ್ತುಕೊಂಡು ನೀವು ಬೆಟ್ಟದ ಬುಡಕ್ಕೆ ಬಂದಿದ್ದಿರಿ. ಬೆಟ್ಟ ಅದನ್ನು ವಸೂಲಿ ಮಾಡಿತು, ಅಷ್ಟೇ.

ಈಗ ಒಬ್ಬೊಬ್ಬರು ಹೇಳಿದ್ದನ್ನೂ ನೋಡೋಣ.

ವಯಸ್ಸಿನ ಮಾತು ಬಿಡಿ. 39ಕ್ಕೆ ಅಲ್ಟ್ರಾ ಓಟದಲ್ಲಿ, ಅಂದರೆ ಮ್ಯಾರಥಾನಿಗಿಂತ ಉದ್ದದ ಓಟದಲ್ಲಿ, ನೀವಿನ್ನೂ ಹುಡುಗಿ. ಅಲ್ಲದೆ ವಯಸ್ಸು ಒಂದು ಭಾನುವಾರಕ್ಕೆ ಬಂದು ಹೋಗುವ ನೆಂಟ ಅಲ್ಲ. ಐದು ವರ್ಷದಿಂದ ಓಡುತ್ತಿರುವವರು ಮೂರೇ ವಾರಕ್ಕೆ ಮುದುಕರಾಗುವುದಿಲ್ಲ.

ಉಪ್ಪಿನ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇಲ್ಲಿ ತಪ್ಪಿದರೆ ಅಪಾಯ ಇದೆ. ಮಜ್ಜಿಗೆ ಕುಡಿದ ಮೇಲೆ ಸರಿಹೋಯಿತು, ಆದ್ದರಿಂದ ಉಪ್ಪೇ ಕಡಿಮೆಯಾಗಿತ್ತು ಎಂದು ನಿಮ್ಮ ಗುಂಪಿನವರ ವಾದ. ಒಂದು ಲೋಟ ಮಜ್ಜಿಗೆಯಲ್ಲಿ ಇರುವ ಚಿಟಿಕೆ ಉಪ್ಪು ಇಪ್ಪತ್ತು ನಿಮಿಷದಲ್ಲಿ ರಕ್ತದ ಲೆಕ್ಕ ಬದಲಿಸುವಷ್ಟು ದೊಡ್ಡದಲ್ಲ. ನಿಮ್ಮನ್ನು ಸರಿಮಾಡಿದ್ದು ಕೂತದ್ದು. ಹತ್ತುವುದು ನಿಲ್ಲಿಸಿದ ತಕ್ಷಣ ಕಾಲಿನ ಸ್ನಾಯುಗಳು ಬಿಸಿ ಹುಟ್ಟಿಸುವುದು ಕಡಿಮೆಯಾಯಿತು, ರಕ್ತ ಮತ್ತೆ ಹೊಟ್ಟೆಯ ಕಡೆ ತಿರುಗಿತು, ವಾಕರಿಕೆ ಇಳಿಯಿತು. ಅಜ್ಜಿಯ ಮಜ್ಜಿಗೆಯನ್ನು ನಾನು ಹೀಗಳೆಯುತ್ತಿಲ್ಲ. ಆ ಹೊತ್ತಿಗೆ ಅದಕ್ಕಿಂತ ಒಳ್ಳೆಯದು ಇನ್ನೇನಿತ್ತು?

ನನಗೆ ಹೆಚ್ಚು ಕಾಡಿದ್ದು ನೀರಿನ ಲೆಕ್ಕ. ಮೂರು ಗಂಟೆಗೆ ಎರಡೂವರೆ ಲೀಟರ್ ಬರೀ ನೀರು, ನಿಮ್ಮಂಥ ಓಟಗಾರ್ತಿಗೆ, 27 ಡಿಗ್ರಿಯಲ್ಲಿ, ಸ್ವಲ್ಪ ಜಾಸ್ತಿಯೇ ಆಯಿತು. ಬೆವರಿನಲ್ಲಿ ಹೋದದ್ದಕ್ಕಿಂತ ಹೆಚ್ಚು ನೀರು ಕುಡಿದರೆ ರಕ್ತದ ಸೋಡಿಯಂ ತೆಳುವಾಗುತ್ತದೆ. ಲೀಟರಿಗೆ 135 ಮಿಲಿಮೋಲ್‌ಗಿಂತ ಕೆಳಗಿಳಿದರೆ ಅದಕ್ಕೆ ಹೈಪೋನೇಟ್ರೀಮಿಯಾ ಎನ್ನುತ್ತೇವೆ. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ 488 ಓಟಗಾರರ ರಕ್ತ ಪರೀಕ್ಷೆ ಮಾಡಿದಾಗ ನೂರಕ್ಕೆ 13 ಮಂದಿಗೆ ಹೀಗಾಗಿತ್ತು. ಓಡುವಾಗ ತೂಕ ಏರಿದವರಲ್ಲಿ ಇದು ಹೆಚ್ಚು, ಅಂದರೆ ಬೇಕಾದ್ದಕ್ಕಿಂತ ಹೆಚ್ಚು ಕುಡಿದವರಲ್ಲಿ. ಹೀಗೆ ಕುಡಿಯುತ್ತಲೇ ಇದ್ದು ಸಾಲ್ಟ್ ಮಾತ್ರೆ ನುಂಗಿದರೆ ಪ್ರಯೋಜನವಿಲ್ಲ. ತುಂಬಿ ಚೆಲ್ಲುತ್ತಿರುವ ಸಾರಿಗೆ ಉಪ್ಪು ಹಾಕಿದ ಹಾಗೆ. ಮೊದಲು ನಲ್ಲಿ ನಿಲ್ಲಿಸಬೇಕು.

ಬೆರಳು ಊದಿದ್ದಕ್ಕೆ ಗಾಬರಿ ಬೇಡ. ಕೈ ಕೆಳಗೆ ಬಿಟ್ಟು ಗಂಟೆಗಟ್ಟಲೆ ಓಡುವ ಎಷ್ಟೋ ಮಂದಿಗೆ ಸೋಡಿಯಂ ಸರಿಯಾಗಿದ್ದಾಗಲೂ ಬೆರಳು ಊದುತ್ತದೆ. ಆದರೆ ಊತದ ಜೊತೆ ವಾಕರಿಕೆ, ತಲೆನೋವು ಸೇರಿಕೊಂಡರೆ ನೀರು ಕುಡಿಯುವುದನ್ನು ಅಲ್ಲಿಗೇ ನಿಲ್ಲಿಸಿ. ಮಾತು ತಡವರಿಸಿದರೆ, ಎದುರಿಗಿದ್ದವರು ಯಾರೆಂದು ಗೊತ್ತಾಗದಿದ್ದರೆ ನೇರ ಆಸ್ಪತ್ರೆ, ದಾರಿಯಲ್ಲಿ ನೀರು ಕುಡಿಸಬಾರದು. ಇನ್ನು ಮುಂದೆ ಬಾಯಾರಿದಾಗ ಕುಡಿಯಿರಿ, ಕೈಯಲ್ಲಿನ ಸ್ಮಾರ್ಟ್ ಗಡಿಯಾರ ಬೀಪ್ ಅಂದಾಗಲೆಲ್ಲ ಬೇಡ. ಓಟದ ಮೊದಲು, ಆಮೇಲೆ ತೂಕ ನೋಡಿ. ಒಂದು ಕಿಲೋ ಕಡಿಮೆಯಾಗಿದ್ದರೆ ಏನೂ ಚಿಂತೆಯಿಲ್ಲ. ತೂಕ ಏರಿದ್ದರೆ ನೀರು ಜಾಸ್ತಿಯಾಗಿದೆ ಎಂದೇ ಅರ್ಥ.

ಐಬುಪ್ರೊಫೆನ್ ಬಗ್ಗೆ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಓಡುವಾಗ ಬೇಡ. ಹತ್ತುವಾಗ ಮೂತ್ರಪಿಂಡಕ್ಕೆ ಹೋಗುವ ರಕ್ತ ಮೊದಲೇ ಕಡಿಮೆಯಾಗಿರುತ್ತದೆ. ಅಲ್ಲಿನ ರಕ್ತನಾಳಗಳನ್ನು ತೆರೆದಿಡುವ ವಸ್ತುವನ್ನೇ ಈ ಮಾತ್ರೆ ತಡೆಯುತ್ತದೆ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 80 ಕಿ.ಮೀ. ಓಡುವವರಿಗೆ ಒಂದು ಗುಂಪಿಗೆ ಐಬುಪ್ರೊಫೆನ್, ಇನ್ನೊಂದಕ್ಕೆ ಡಮ್ಮಿ ಮಾತ್ರೆ ಕೊಟ್ಟು ನೋಡಿದರು. ಮೂತ್ರಪಿಂಡಕ್ಕೆ ತಾತ್ಕಾಲಿಕ ಪೆಟ್ಟು ಬಿದ್ದದ್ದು ಡಮ್ಮಿ ತಗೊಂಡವರಲ್ಲಿ ನೂರಕ್ಕೆ 34, ಐಬುಪ್ರೊಫೆನ್ ತಗೊಂಡವರಲ್ಲಿ 52. ನೀವು ಅದನ್ನು ಹೆಚ್ಚೂಕಡಿಮೆ ಖಾಲಿ ಹೊಟ್ಟೆಯಲ್ಲಿ ನುಂಗಿದ್ದೀರಿ, ಹಾಗಾಗಿ ಆರು ಕಿಲೋಮೀಟರ್ ಆದಮೇಲೆ ಬಂದ ವಾಕರಿಕೆಯಲ್ಲಿ ಅದಕ್ಕೂ ಒಂದು ಪಾಲು ಇರಬಹುದು. ಈ ಮಾತ್ರೆ ದೇಹದಲ್ಲಿ ನೀರು ಹಿಡಿದಿಡುವಂತೆಯೂ ಮಾಡುತ್ತದೆ. ನೀರು ಜಾಸ್ತಿ ಕುಡಿದವರಿಗೆ ಅದು ಇನ್ನೊಂದು ತೊಂದರೆ. ಮಾತ್ರೆ ನುಂಗದೆ ಓಡಲಾಗದಷ್ಟು ಮೊಣಕಾಲು ನೋಯುತ್ತಿದ್ದರೆ ಆ ದಿನದ ಓಟ ಅಲ್ಲಿಗೆ ಮುಗಿಯಿತು ಎಂದು ತಿಳಿಯಿರಿ.

"27 ಡಿಗ್ರಿ ಮಾತ್ರ" ಅಂದಿರಿ. ಮೊಬೈಲ್ ತೋರಿಸುವುದು ನೆರಳಿನ ಗಾಳಿಯ ಬಿಸಿ. ಮೈಸೂರಿನ ಅಕ್ಟೋಬರಿನಲ್ಲಿ ಗಾಳಿಯಲ್ಲಿ ತೇವ ಇರುತ್ತದೆ, ಬೆವರು ಆರುವುದಿಲ್ಲ. ದೇಹವನ್ನು ತಣಿಸುವುದು ಆರುವ ಬೆವರು, ತೊಟ್ಟಿಕ್ಕುವ ಬೆವರಲ್ಲ. ಬೆಳಗಿನ ಬಿಸಿಲು ಬಿದ್ದ ಕಲ್ಲು ಮೆಟ್ಟಿಲು ಬೇರೆ. ಸಮತಟ್ಟಿನಲ್ಲಿ ಓಡಿದರೆ ನಮ್ಮ ವೇಗವೇ ಒಂದಿಷ್ಟು ಗಾಳಿ ಎಬ್ಬಿಸುತ್ತದೆ. ಮೆಟ್ಟಿಲಲ್ಲಿ ಅದೂ ಇಲ್ಲ, ಕೆಲಸ ದುಪ್ಪಟ್ಟು. ಹೊರಗೆ 27 ಇದ್ದರೂ ಒಳಗೆ ಕುದಿಯುತ್ತಿರಬಹುದು.

ಮೆಟ್ಟಿಲಿನ ಇನ್ನೊಂದು ಲೆಕ್ಕ. ಟ್ರೇಲ್ ಓಟದವರು ಪ್ರತಿ 100 ಮೀಟರ್ ಏರಿಗೆ ಒಂದು ಕಿಲೋಮೀಟರ್ ಹೆಚ್ಚುವರಿ ಸೇರಿಸಿ ಶ್ರಮ ಲೆಕ್ಕ ಹಾಕುತ್ತಾರೆ. ಚಾಮುಂಡಿ ಬೆಟ್ಟದ ಸಾವಿರ ಚಿಲ್ಲರೆ ಮೆಟ್ಟಿಲನ್ನು ಒಂದು ಸಲ ಹತ್ತಿದರೆ ಸುಮಾರು 250 ಮೀಟರ್ ಏರು. ನಾಲ್ಕು ಸಲಕ್ಕೆ 1,000 ಮೀಟರ್. ನಿಮ್ಮ 30 ಕಿ.ಮೀ. ಅಲ್ಲಿಗೆ 40 ಆಯಿತು. ಜ್ವರ ಬಿಟ್ಟ ಹತ್ತು ದಿನಕ್ಕೆ, ಒಂದು ಬಾಳೆಹಣ್ಣು ತಿಂದು, ಹೆಚ್ಚೂಕಡಿಮೆ ಒಂದು ಫುಲ್ ಮ್ಯಾರಥಾನ್ (42 ಕಿ.ಮೀ.) ಓಡಲು ಹೊರಟಿದ್ದಿರಿ! ಅದರಲ್ಲಿ ಮೊದಲರ್ಧ ಬೇರೆಯವರ ಪೇಸಿನಲ್ಲಿ.

ಊಟದ ಲೆಕ್ಕವೂ ಹೇಳಿಬಿಡುತ್ತೇನೆ. ಓಡುವಾಗ ಪ್ರತಿ ಕಿಲೋ ತೂಕಕ್ಕೆ, ಪ್ರತಿ ಕಿಲೋಮೀಟರಿಗೆ ಸುಮಾರು ಒಂದು ಕಿಲೋಕ್ಯಾಲೊರಿ ಖರ್ಚು. ನೀವು 58 ಕಿಲೋ ಎಂದಿಟ್ಟುಕೊಂಡರೆ 20 ಕಿ.ಮೀ.ಗೆ 1,160, ಏರಿನದು ಬೇರೆ. ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ ಹೆಚ್ಚೆಂದರೆ 400-500 ಗ್ರಾಂ. ಇದರಲ್ಲಿ ಯಕೃತ್ತಿನ ಪಾಲು ರಾತ್ರಿ ನಿದ್ದೆಯಲ್ಲೇ ಸಾಕಷ್ಟು ಖಾಲಿಯಾಗಿರುತ್ತದೆ, ಮೆದುಳು ನೆಚ್ಚಿಕೊಂಡಿರುವುದು ಅದನ್ನೇ. ಎರಡು ಗಂಟೆ ಮೀರುವ ಓಟದಲ್ಲಿ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗುತ್ತಿರಬೇಕು. ನಿಮ್ಮದು ಬಾಳೆಹಣ್ಣು, ಜೆಲ್ ಎರಡೂ ಸೇರಿ ಮೂರು ಗಂಟೆಗೆ 50ರ ಆಸುಪಾಸು. ದುಬಾರಿ ಜೆಲ್ಲೇ ಆಗಬೇಕೆಂದಿಲ್ಲ. ಬೆಲ್ಲದ ತುಂಡಿನಲ್ಲಿ ಬಹುಪಾಲು ಸಕ್ಕರೆಯೇ ಇದೆ. ಖರ್ಜೂರ, ಬಾಳೆಹಣ್ಣು, ಉಪ್ಪು ಹಾಕಿದ ಬೇಯಿಸಿದ ಆಲೂಗಡ್ಡೆ, ಯಾವುದು ಹೊಟ್ಟೆಗೆ ಒಗ್ಗುತ್ತದೋ ಅದು. ಶೇಂಗಾ ಚಿಕ್ಕಿ ಮಾತ್ರ ಹತ್ತುವಾಗ ಬೇಡ, ಎಣ್ಣೆಕಾಳು ನಿಧಾನವಾಗಿ ಜೀರ್ಣವಾಗುತ್ತದೆ. ನನಗೊಮ್ಮೆ ಅದರ ಪಾಠ ಆಗಿದೆ, ವಿವರ ಬೇಡ.

ಇನ್ನು ಕೋಚ್ ಮಾತು. "ಎಲ್ಲಾ ತಲೆಯಲ್ಲಿರೋದು." ಅವರು ಅಂದುಕೊಂಡ ಅರ್ಥದಲ್ಲಿ ಅದು ತಪ್ಪು, ಆದರೆ ಬೇರೊಂದು ಅರ್ಥದಲ್ಲಿ ನಿಜ. 2009ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದೆ. ಹದಿನಾರು ಮಂದಿಗೆ ಒಂದು ದಿನ 90 ನಿಮಿಷ ಕಂಪ್ಯೂಟರ್ ಮುಂದೆ ತಲೆ ತಿನ್ನುವ ಕೆಲಸ, ಇನ್ನೊಂದು ದಿನ ಸುಮ್ನೆ ಸಾಕ್ಷ್ಯಚಿತ್ರ ನೋಡುವುದು. ಎರಡೂ ದಿನ ಆಮೇಲೆ ಸುಸ್ತಾಗಿ ನಿಲ್ಲಿಸುವವರೆಗೂ ಸೈಕಲ್ ತುಳಿಸಿದರು. ತಲೆ ದಣಿದ ದಿನ ಸರಾಸರಿ 640 ಸೆಕೆಂಡಿಗೆ ಬಿಟ್ಟರು, ಇನ್ನೊಂದು ದಿನ 754ಕ್ಕೆ. ವಿಚಿತ್ರ ಏನೆಂದರೆ ಹೃದಯ, ಶ್ವಾಸ, ಸ್ನಾಯು ಎರಡೂ ದಿನ ಒಂದೇ ಥರ ಕೆಲಸ ಮಾಡುತ್ತಿದ್ದವು. ಅದೇ ಕೆಲಸ ಹೆಚ್ಚು ಕಷ್ಟ ಅನಿಸಿತು, ಅಷ್ಟೇ ವ್ಯತ್ಯಾಸ. ಅಲ್ಲಿ 90 ನಿಮಿಷ, ನಿಮ್ಮದು ಒಂದಿಡೀ ವಾರ. ದಣಿದ ಮನಸ್ಸಿಗೆ ಗಟ್ಟಿಯಾಗು ಅಂದರೆ ಏನು ಮಾಡುತ್ತದೆ ಪಾಪ? ಅದಕ್ಕೆ ಬೇಕಿದ್ದದ್ದು ಎರಡು ರಾತ್ರಿ ನಿದ್ದೆ.

ಅರ್ಧಕ್ಕೆ ಬಿಟ್ಟರೆ ಅಭ್ಯಾಸವಾಗಿಬಿಡುತ್ತದೆ ಎಂಬ ಮಾತೂ ಗುಂಪುಗಳಲ್ಲಿ ಓಡಾಡುತ್ತದೆ. ಅಮೆರಿಕದ ಅಲ್ಟ್ರಾ ಓಟಗಾರ ಜಿಮ್ ವಾಮ್ಸ್ಲಿ ಗೊತ್ತಲ್ವಾ? ಕ್ಯಾಲಿಫೋರ್ನಿಯಾದ ವೆಸ್ಟರ್ನ್ ಸ್ಟೇಟ್ಸ್ ನೂರು ಮೈಲಿ ಓಟದಲ್ಲಿ 2016ರಲ್ಲಿ ಎಲ್ಲರಿಗಿಂತ ಮುಂದಿದ್ದಾಗ ದಾರಿ ತಪ್ಪಿದರು. 2017ರಲ್ಲಿ ಹೊಟ್ಟೆ ಕೈಕೊಟ್ಟು ಮಧ್ಯದಲ್ಲೇ ಬಿಟ್ಟರು. 2018ರಲ್ಲಿ ಅದೇ ದಾರಿಯಲ್ಲಿ 14 ಗಂಟೆ 30 ನಿಮಿಷದ ದಾಖಲೆ ಮಾಡಿ ಗೆದ್ದರು. ಬಿಡುವ ಅಭ್ಯಾಸ ಅವರಿಗೆ ಅಂಟಲಿಲ್ಲ. ನೀವು ಬಿಟ್ಟದ್ದು ರೇಸೂ ಅಲ್ಲ, ತಾಲೀಮು. ಆ ಭಾನುವಾರ ನೀವು ತಗೊಂಡ ತೀರ್ಮಾನಗಳಲ್ಲಿ ನನಗೆ ಪೂರ್ತಿ ಒಪ್ಪಿಗೆಯಾದದ್ದು ಒಂದೇ, ಕೂತದ್ದು. ತಲೆ ಸುತ್ತುತ್ತಿದ್ದವರನ್ನು ಒಂಟಿಯಾಗಿ ಬಿಟ್ಟು ಮುಂದೆ ಹೋದರಲ್ಲ, ಮನಸ್ಸಿನ ಪಾಠ ಅವರಿಗೆ ಹೇಳಬೇಕಿತ್ತು. ಗುಂಪಿನಲ್ಲಿ ಒಬ್ಬರಿಗೆ ತಲೆಸುತ್ತು ಬಂದರೆ ಇನ್ನೊಬ್ಬರು ಜೊತೆಗೆ ನಿಲ್ಲಬೇಕು. ಇದರಲ್ಲಿ ಚೌಕಾಸಿ ಇಲ್ಲ.

ಜ್ವರದ ವಿಷಯಕ್ಕೆ ಬರುತ್ತೇನೆ. ವೈರಲ್ ಜ್ವರ ಬಿಟ್ಟ ಮೇಲೂ ಒಂದೆರಡು ವಾರ ಸುಸ್ತು ಇರುವುದು ಸಹಜ. ಬಹುಪಾಲು ಮಂದಿಗೆ ಅಷ್ಟಕ್ಕೇ ಮುಗಿಯುತ್ತದೆ. ಅಪರೂಪಕ್ಕೆ ವೈರಸ್ ಹೃದಯದ ಸ್ನಾಯುವಿಗೂ ಉರಿಯೂತ ತರುತ್ತದೆ, ಅದನ್ನು ಇಟ್ಟುಕೊಂಡು ಜೋರಾಗಿ ಓಡುವುದು ಜೀವಕ್ಕೇ ಅಪಾಯ. ಅದಕ್ಕೇ ಕೇಳುತ್ತೇನೆ. ಆ ದಿನ ಎದೆ ನೋವು ಅಥವಾ ಬಿಗಿತ ಇತ್ತಾ? ಎದೆಬಡಿತ ತಾಳ ತಪ್ಪಿದಂತೆ ಅನಿಸಿತಾ? ಓಡುತ್ತಿರುವಾಗಲೇ ಪ್ರಜ್ಞೆ ತಪ್ಪಿತಾ? ಈಗ ಒಂದು ಮಹಡಿ ಹತ್ತಿದರೂ ಏದುಸಿರು ಬರುತ್ತಾ? ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ದಿಢೀರ್ ತೀರಿಕೊಂಡಿದ್ದಾರಾ? ಒಂದಕ್ಕೆ ಹೌದು ಅಂದರೂ ಇಸಿಜಿ ಆಗಿ, ಹೃದಯ ವೈದ್ಯರು ನೋಡುವವರೆಗೂ ಓಟ ಬಂದ್. ಓಟದ ಮರುದಿನ ಮೂತ್ರ ಕಡುಗಂದು, ಕೋಲಾ ಬಣ್ಣಕ್ಕೆ ತಿರುಗಿದ್ದರೂ ಕಾಯಬೇಡಿ. ಸ್ನಾಯು ಒಡೆದು ಮೂತ್ರಪಿಂಡಕ್ಕೆ ಹೊರೆಯಾಗುತ್ತಿರುವ ಲಕ್ಷಣ ಅದು.

ಇವ್ಯಾವುವೂ ಇಲ್ಲದಿದ್ದರೂ ಒಂದು ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಬಿ12, ಥೈರಾಯ್ಡ್. ಮುಟ್ಟಾಗುವ, ಓಡುವ ಹೆಂಗಸರಲ್ಲಿ ಹಿಮೋಗ್ಲೋಬಿನ್ ಸರಿಯಿದ್ದು ಫೆರಿಟಿನ್ ತಳ ಕಂಡಿರುವುದನ್ನು ನಾನು ಪದೇ ಪದೇ ನೋಡುತ್ತೇನೆ. ಸಸ್ಯಾಹಾರಿಯಾಗಿದ್ದರೆ ಬಿ12 ಕೂಡ. ವರದಿ ಬರುವ ಮೊದಲೇ ಅಂಗಡಿಯಿಂದ ಕಬ್ಬಿಣದ ಮಾತ್ರೆ ತಂದು ನುಂಗಬೇಡಿ. ಕಬ್ಬಿಣ ಜಾಸ್ತಿಯಾದರೂ ತೊಂದರೆಯೇ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಈ ಭಾನುವಾರ ಅದೇ ಓಟ ಮತ್ತೆ? ಬೇಡ. ಯಾಕೆ ಆಸೆಯಾಗುತ್ತಿದೆ ಎಂದು ಗೊತ್ತು. ಒಂಬತ್ತು ಕಿಲೋಮೀಟರ್ ಬಾಕಿ ಉಳಿದಿದೆ, ತೀರಿಸಬೇಕು ಅನಿಸುತ್ತದೆ. ಬ್ಯಾಂಕಿನಲ್ಲಿ ಬಾಕಿ ಮುಂದಿನ ಲೆಕ್ಕಕ್ಕೆ ಹೋಗುತ್ತದೆ, ದೇಹಕ್ಕೆ ಆ ಪದ್ಧತಿ ಇಲ್ಲ. ಮೂರು ಗಂಟೆ ಹತ್ತಿ ಇಳಿದದ್ದರ ಲಾಭ ಆಗಲೇ ಸಿಕ್ಕಿದೆ. ಇಳಿಯುವಾಗ ತೊಡೆಯ ಸ್ನಾಯುವಿಗೆ ಬಿದ್ದ ಪೆಟ್ಟು ಮಾತ್ರ ಒಂದು ವಾರಕ್ಕೆ ಪೂರ್ತಿ ಆರುವುದಿಲ್ಲ. ಅದರ ಮೇಲೆ ಮತ್ತೆ ನಾಲ್ಕು ಸಾವಿರ ಮೆಟ್ಟಿಲು ಇಳಿದರೆ ಮೊಣಕಾಲು ಕೈಕೊಡಬಹುದು, ಎರಡನೇ ಸಲವೂ ಕೂತುಬಿಟ್ಟರೆ ಧೈರ್ಯವೂ ಹೋಗುತ್ತದೆ.

ವೈದ್ಯಕೀಯವಾಗಿ ಎಲ್ಲ ಸರಿಯಿದ್ದರೆ ನಾನು ಹೀಗೆ ಮಾಡಿಸುತ್ತೇನೆ. ಈ ವಾರ ನಾಲ್ಕು ದಿನ ಬರೀ ನಡಿಗೆ, ಭಾನುವಾರ 90 ನಿಮಿಷ ಸಮತಟ್ಟಾದ ದಾರಿಯಲ್ಲಿ, ಮಾತಾಡಿಕೊಂಡು ಓಡುವಷ್ಟು ನಿಧಾನ. ಎದ್ದ ತಕ್ಷಣದ ನಾಡಿ ಎಂದಿಗಿಂತ ಎಂಟು-ಹತ್ತು ಹೆಚ್ಚಿದ್ದರೆ ಅದೂ ಬೇಡ. ಎರಡನೇ ವಾರ ಶನಿವಾರ ಎರಡೂವರೆ ಗಂಟೆ, ಭಾನುವಾರ ಒಂದೂವರೆ ಗಂಟೆ, ದಣಿದ ಕಾಲಲ್ಲಿ ಓಡುವ ಅಭ್ಯಾಸಕ್ಕೆ. ಎರಡನೇ ದಿನ ಕಾಲು ಎತ್ತಿಡುವುದು ತಪ್ಪಿ ಎಡವುವುದು ಜಾಸ್ತಿ, ಹಾಗಾಗಿ ಆ ದಿನ ಕಲ್ಲಿನ ಇಳಿಜಾರು ಬಿಟ್ಟು ಮಣ್ಣಿನ ದಾರಿ ಹಿಡಿಯಿರಿ. ಮೂರನೇ ವಾರ, ಅಂದರೆ ರೇಸಿಗೆ ಮೂರು ವಾರ ಇರುವಾಗ, ಒಂದೇ ಒಂದು ದೊಡ್ಡ ಓಟ, ನಾಲ್ಕು ಗಂಟೆ. ಕಿಲೋಮೀಟರ್ ಎಣಿಸಬೇಡಿ. ಏರೆಲ್ಲ ನಡಿಗೆ, ಮೊದಲ ಅರ್ಧ ಗಂಟೆಯಿಂದಲೇ ತಿನ್ನುವುದು ಶುರು. ಕತ್ತಲಲ್ಲಿ ಒಬ್ಬರೇ ಹೊರಡಬೇಡಿ, ಬೆಟ್ಟದ ಕಡೆ ಚಿರತೆ ಓಡಾಡುವುದು ಮೈಸೂರಿನವರಿಗೆ ನಾನು ಹೇಳಬೇಕಿಲ್ಲ. ಬೆಳಕು ಹರಿದ ತಕ್ಷಣ ಶುರು ಮಾಡಿದರೆ ಸಾಕು. ಆಮೇಲಿನ ಎರಡು ಭಾನುವಾರ ಎರಡು ಗಂಟೆ, ಒಂದು ಗಂಟೆ. ಮುಂದಿನದು ರೇಸ್.

ರೇಸ್ ಬಿಡಬೇಕಾ ಎಂಬುದನ್ನು ಆ ನಾಲ್ಕು ಗಂಟೆಯ ಓಟ ಆದಮೇಲೆ ಕೇಳಿ. ತಿಂದು, ಮಲಗಿ, ನಿಧಾನ ಓಡಿಯೂ ಮತ್ತೆ ಹೀಗೇ ಆದರೆ 50 ಬೇಡ. ಆಯೋಜಕರು ಒಪ್ಪಿದರೆ ಚಿಕ್ಕ ದೂರಕ್ಕೆ ಬದಲಿಸಿಕೊಳ್ಳಿ, ಇಲ್ಲದಿದ್ದರೆ ಬರುವ ವರ್ಷ. ಕಟ್ಟಿದ ದುಡ್ಡು ಹೋಗುತ್ತದೆ, ಹೊಟ್ಟೆ ಉರಿಯುತ್ತದೆ, ನಿಜ. ಆದರೆ ನಿಮ್ಮ ಪತ್ರ ಓದಿದರೆ ಅಲ್ಲಿಗೆ ಹೋಗುವ ಹಾಗೆ ಕಾಣುವುದಿಲ್ಲ.

ಗಡಿಯಾರ ಏನು ತೋರಿಸುತ್ತಿದೆ ಎಂದು ನೀವು ಕೇಳಿಲ್ಲ, ಒಳ್ಳೆಯದಾಯಿತು. ಅದಕ್ಕೆ ನಿಮ್ಮ ಜ್ವರವೂ ಗೊತ್ತಿಲ್ಲ, ಬ್ಯಾಂಕಿನ ಲೆಕ್ಕವೂ ಗೊತ್ತಿಲ್ಲ.

ಫೆರಿಟಿನ್ ವರದಿ ಬಂದ ಮೇಲೆ ಬರೆಯಿರಿ. ಆ ಮಜ್ಜಿಗೆ ಅಜ್ಜಿಯ ಬಾಕಿ ಮಾತ್ರ ಈ ವಾರವೇ ತೀರಿಸಿ. ನಂದಿಯವರೆಗೆ ನಡೆದುಕೊಂಡೇ ಹೋಗಿ.